ಹೊಸ ನಗರದ ಮೊದಲ ಗೆರೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಅಕ್ಕಪಕ್ಕದ ಹಳ್ಳಿಗಳೋ ದೊಡ್ಡ ನಗರವೊಂದರ ಅಂಚಿನ ಬಡಾವಣೆಗಳೋ ಒಟ್ಟುಗೂಡಿ ತಮ್ಮದೇ ಆಡಳಿತವಿರುವ ನಗರವಾದ ಮೇಲೆ ಮುಂದಿನ ಬೆಳವಣಿಗೆಯನ್ನು ಹೇಗೆ ಯೋಜಿಸಿಕೊಳ್ಳಬೇಕು ಎಂದು ಕೇಳಿ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಲದ ಅಂಕಣಕ್ಕೆ ಆರಿಸಿಕೊಂಡಿದ್ದೇನೆ. ಒಂದೇ ಅರ್ಥದ ಪ್ರಶ್ನೆಗಳನ್ನು ಸೇರಿಸಿ ಒಂದಾಗಿಸಿದ್ದೇನೆ.

ಪ್ರಶ್ನೆ: ನಮ್ಮ ಊರು ನಗರವೆಂದು ಘೋಷಣೆಯಾಗಿ ಇನ್ನೂ ಒಂದು ವರ್ಷ ತುಂಬಿಲ್ಲ. ಚುನಾಯಿತ ಸದಸ್ಯರಲ್ಲಿ ಕೆಲವರು ಭವ್ಯವಾದ ಆಡಳಿತ ಕಚೇರಿ ಮೊದಲು ಬೇಕೆನ್ನುತ್ತಾರೆ, ಉಳಿದವರು ಕ್ರೀಡಾಂಗಣ ಎನ್ನುತ್ತಾರೆ. ಕೈಯಲ್ಲಿರುವ ಹಣ ಕಡಿಮೆ. ಮೊದಲ ಕೆಲಸ ಯಾವುದಾಗಬೇಕು?

ಉತ್ತರ: ಮುಂದೆ ಬರಲಿರುವ ಮುಖ್ಯರಸ್ತೆಗಳ ಗೆರೆ ಎಳೆದು, ಆ ಜಾಗವನ್ನು ಕಾಯ್ದಿರಿಸುವುದು. ಕಚೇರಿಯನ್ನು ಹತ್ತು ವರ್ಷ ಬಾಡಿಗೆ ಕಟ್ಟಡದಲ್ಲಿ ನಡೆಸಬಹುದು. ಕ್ರೀಡಾಂಗಣ ಇಪ್ಪತ್ತು ವರ್ಷ ತಡವಾದರೂ ಊರು ನಿಲ್ಲುವುದಿಲ್ಲ. ಆದರೆ ರಸ್ತೆ ಹಾಯಬೇಕಾದ ಜಾಗದಲ್ಲಿ ಒಮ್ಮೆ ಮನೆಗಳು ಎದ್ದವೆಂದರೆ, ಮುಂದೆ ಎಷ್ಟೇ ಸಮರ್ಥ ಆಡಳಿತ ಬಂದರೂ ಅದು ಪರಿಹಾರದ ಲೆಕ್ಕ ಮತ್ತು ನ್ಯಾಯಾಲಯದ ತಡೆಯಾಜ್ಞೆಗಳ ನಡುವೆ ಕಾಲ ಕಳೆಯಬೇಕಾಗುತ್ತದೆ. ಅಗಲೀಕರಣಕ್ಕೆ ಸಿಕ್ಕಿದ ಮನೆಯನ್ನು ಹತ್ತಿರ ನಿಂತು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ: ಮೆಟ್ಟಿಲು ಅರ್ಧಕ್ಕೆ ನಿಂತು ಗಾಳಿಗೆ ಬಾಯಿ ತೆರೆದಿರುತ್ತದೆ, ಅಡುಗೆಮನೆಯ ಗೋಡೆಯ ಬಿಳಿ ಹೆಂಚು ಬೀದಿಗೆ ಕಾಣುತ್ತಿರುತ್ತದೆ, ಕ್ಯಾಲೆಂಡರ್ ನೇತುಹಾಕಿದ್ದ ಮೊಳೆ ಇನ್ನೂ ಅಲ್ಲೇ ಇರುತ್ತದೆ.

ಹೀಗೆ ಮೊದಲೇ ಗೆರೆ ಎಳೆದ ನ್ಯೂಯಾರ್ಕ್ ನಗರದ ಬಗ್ಗೆ ಹೇಳುವುದಾದರೆ, 1807ರಲ್ಲಿ ನೇಮಕಗೊಂಡ ಮೂವರು ಸದಸ್ಯರ ಆಯೋಗವೊಂದು 1811ರಲ್ಲಿ ಮ್ಯಾನ್‌ಹಟನ್ ದ್ವೀಪದ ನಕ್ಷೆಯನ್ನು ಮುಂದಿಟ್ಟಿತು. ಆಗ ಅಲ್ಲಿನ ಜನಸಂಖ್ಯೆ ಒಂದು ಲಕ್ಷವನ್ನೂ ಮುಟ್ಟಿರಲಿಲ್ಲ, ಊರು ದ್ವೀಪದ ದಕ್ಷಿಣದ ತುದಿಯಲ್ಲಿ ಮಾತ್ರ ಇತ್ತು. ಆದರೂ ಆಯೋಗ 155ನೆಯ ಬೀದಿಯವರೆಗೆ, ಹೊಲ, ಬಂಡೆ, ಜೌಗು ಎಂದು ನೋಡದೆ ಗೆರೆ ಎಳೆಯಿತು. ಉದ್ದದ ರಸ್ತೆಗಳಿಗೆ 100 ಅಡಿ, ಅಡ್ಡಬೀದಿಗಳಲ್ಲಿ ಹೆಚ್ಚಿನವಕ್ಕೆ 60 ಅಡಿ ಅಗಲ ಗೊತ್ತುಮಾಡಿತು. ಇಷ್ಟೊಂದು ಜನಕ್ಕೆ ಜಾಗ ಮಾಡಿದ್ದನ್ನು ನೋಡಿ ಕೆಲವರು ನಗಬಹುದೆಂದು ಆಯೋಗವೇ ತನ್ನ ಟಿಪ್ಪಣಿಯಲ್ಲಿ ಒಪ್ಪಿಕೊಂಡಿತ್ತು. ಅರ್ಧ ಶತಮಾನದಲ್ಲಿ ನಾಲ್ಕು ಲಕ್ಷ ಜನವಾಗಬಹುದೆಂದು ಅವರು ಅಂದಾಜಿಸಿದ್ದರು. 1860ರ ಗಣತಿಯಲ್ಲಿ ಎಂಟು ಲಕ್ಷ ದಾಟಿತ್ತು. ಲೆಕ್ಕ ತಪ್ಪಿದರೂ ಗೆರೆ ಉಳಿಯಿತು. ಅದೇ ನಕ್ಷೆ ದೊಡ್ಡ ಉದ್ಯಾನವನ್ನು ಮರೆತಿತ್ತು ಎಂಬುದನ್ನೂ ಹೇಳಬೇಕು. 1850ರ ದಶಕದಲ್ಲಿ ಸೆಂಟ್ರಲ್ ಪಾರ್ಕಿಗೆ ಜಾಗ ಬಿಡಿಸಿಕೊಳ್ಳುವಾಗ ಸುಮಾರು 1,600 ಜನರನ್ನು, ಅವರಲ್ಲಿ ಸ್ವಂತ ಭೂಮಿ ಹೊಂದಿದ್ದ ಕಪ್ಪು ಜನರ ಒಂದು ಊರನ್ನೇ, ಎಬ್ಬಿಸಬೇಕಾಯಿತು. ಮೊದಲೇ ಬಿಡದ ಜಾಗಕ್ಕೆ ಆಮೇಲೆ ಬೆಲೆ ತೆರುವವರು ಸಾಮಾನ್ಯವಾಗಿ ದುರ್ಬಲರೇ.

ನಿಮ್ಮ ಮಟ್ಟಿಗೆ ಮಾಡಬೇಕಾದದ್ದು ಇಷ್ಟು. ಊರು ಬೆಳೆಯಬಹುದಾದ ದಿಕ್ಕುಗಳಲ್ಲಿ ಸುಮಾರು ಒಂದು ಕಿಲೋಮೀಟರಿಗೊಂದರಂತೆ, 25ರಿಂದ 30 ಮೀಟರ್ ಅಗಲದ ಮುಖ್ಯರಸ್ತೆಗಳ ಜಾಲವನ್ನು ಸರ್ವೆ ಮಾಡಿಸಿ, ಗಡಿಕಲ್ಲು ನೆಡಿಸಿ, ಅದನ್ನು ಭೂದಾಖಲೆಗಳಲ್ಲಿ ನಮೂದಿಸಿರಿ. ನಗರಗಳ ವಿಸ್ತರಣೆಯನ್ನು ಬಹುಕಾಲ ಅಧ್ಯಯನ ಮಾಡಿದ ಶ್ಲೋಮೋ ಏಂಜೆಲ್ ಅವರೂ ಇದನ್ನೇ ಸೂಚಿಸುತ್ತಾರೆ. ಈ ಅಂತರವಿದ್ದರೆ ಯಾವ ಮನೆಯಿಂದಲೂ ಬಸ್ಸಿಗೆ ಹತ್ತು ನಿಮಿಷದೊಳಗೆ ನಡೆದು ಹೋಗಬಹುದು. ಮೂವತ್ತು ಮೀಟರ್ ಎಂದಾಕ್ಷಣ ಗಾಬರಿಯಾಗಬೇಕಿಲ್ಲ. ಎರಡೂ ಬದಿ ಮೂರು ಮೂರು ಮೀಟರ್ ಕಾಲುದಾರಿ, ಎರಡೆರಡು ಮೀಟರ್ ಮರ ಮತ್ತು ಚರಂಡಿಗೆ, ಎರಡೆರಡು ಮೀಟರ್ ಸೈಕಲ್ಲಿಗೆ, ನಡುವೆ ಎರಡು ಮೀಟರ್ ವಿಭಜಕ, ಉಳಿದ ಹದಿನಾಲ್ಕು ಮೀಟರಿನಲ್ಲಿ ಬಸ್ಸೂ ಸೇರಿ ನಾಲ್ಕು ಸಾಲು ವಾಹನ, ಇಷ್ಟಕ್ಕೆ ಲೆಕ್ಕ ಮುಗಿಯಿತು. ಮೊದಲ ಹತ್ತು ವರ್ಷ ನಡುವಿನ ಏಳು ಮೀಟರಿಗೆ ಮಾತ್ರ ಡಾಂಬರು ಹಾಕಿ, ಮಿಕ್ಕದ್ದರಲ್ಲಿ ಹುಲ್ಲು ಬೆಳೆಯಲು ಬಿಟ್ಟರೂ ಯಾವ ನಷ್ಟವೂ ಇಲ್ಲ.

ಪ್ರಶ್ನೆ: ರಸ್ತೆಗೆ ಜಾಗ ಬಿಡಿ ಎಂದು ಬರೆಯುವುದು ಸುಲಭ. ಆ ಜಾಗ ರೈತರದ್ದು. ಸ್ವಾಧೀನಕ್ಕೆ ಹಣವಿಲ್ಲ, ಬಲವಂತಕ್ಕೆ ಮನಸ್ಸಿಲ್ಲ. ಬೇರೆ ದಾರಿ ಇದೆಯೇ?

ಉತ್ತರ: ಇದೆ, ಮತ್ತು ಅದು ಹಳೆಯದು. ಭೂಮಿಯ ಮರುಹೊಂದಾಣಿಕೆ ಎಂದು ಇದನ್ನು ಕರೆಯಬಹುದು. ಒಂದು ಪ್ರದೇಶದ ಎಲ್ಲ ಮಾಲೀಕರ ಜಮೀನನ್ನು ಕಾಗದದ ಮೇಲೆ ಒಂದೇ ಹಾಳೆಯಾಗಿ ಸೇರಿಸಿ, ರಸ್ತೆ, ಉದ್ಯಾನ, ಶಾಲೆ, ಚರಂಡಿಗಳಿಗೆ ಬೇಕಾದ ಭಾಗವನ್ನು ತೆಗೆದು, ಉಳಿದದ್ದನ್ನು ಅವರವರ ಪಾಲಿಗೆ ತಕ್ಕಂತೆ ನೇರ ಅಂಚಿನ ನಿವೇಶನಗಳಾಗಿ ಅದೇ ಜನಕ್ಕೆ ಹಿಂದಿರುಗಿಸುವ ಕ್ರಮ ಇದು. ಉದಾಹರಣೆಗೆ, ದಾರಿಯೇ ಇಲ್ಲದ, ಬಾಳೆಲೆಯಂತೆ ಉದ್ದಕ್ಕೆ ಸೀಳಿದ 10,000 ಚದರ ಮೀಟರ್ ಜಮೀನಿನವರಿಗೆ, ನೂರಕ್ಕೆ ಮೂವತ್ತೈದು ಭಾಗ ಕಳೆದು, 6,500 ಚದರ ಮೀಟರಿನ, ರಸ್ತೆಗೆ ಮುಖವಿರುವ ಚೌಕ ಜಾಗ ಸಿಗುತ್ತದೆಂದು ಇಟ್ಟುಕೊಳ್ಳಿ. ಚದರ ಮೀಟರಿನ ಬೆಲೆ ಒಂದಕ್ಕೆ ಎರಡಾದರೆ, ವಿಸ್ತೀರ್ಣ ಕಡಿಮೆಯಾದರೂ ಒಟ್ಟು ಮೌಲ್ಯ ಮೊದಲಿನದಕ್ಕಿಂತ ಶೇಕಡಾ 30ರಷ್ಟು ಹೆಚ್ಚಾಗಿರುತ್ತದೆ. ನಗರವು ತನ್ನ ಪಾಲಿಗೆ ಕೆಲವು ನಿವೇಶನಗಳನ್ನು ಉಳಿಸಿಕೊಂಡು ಮಾರಿದರೆ ಕೊಳವೆ ಹಾಕುವ ಖರ್ಚಿನ ಒಂದು ಭಾಗವೂ ಹುಟ್ಟುತ್ತದೆ.

ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಮೇಯರ್ ಫ್ರಾಂಝ್ ಆಡಿಕೆಸ್ ಅವರ ಪ್ರಯತ್ನದಿಂದ 1902ರಲ್ಲಿ ಇದಕ್ಕಾಗಿಯೇ ಕಾನೂನು ಬಂದಿತು. ಜಪಾನಿನಲ್ಲಿ 1923ರ ಭೂಕಂಪದ ನಂತರವೂ ಎರಡನೆಯ ಮಹಾಯುದ್ಧದ ನಂತರವೂ ನಗರಗಳನ್ನು ಮತ್ತೆ ಕಟ್ಟಲು ಇದೇ ವಿಧಾನ ಒದಗಿತು. ಭಾರತದಲ್ಲಿ 1915ರ ಮುಂಬಯಿ ನಗರ ಯೋಜನಾ ಕಾಯಿದೆಯಿಂದ ಇದು ಬೇರುಬಿಟ್ಟು, ಗುಜರಾತಿನಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. 2001ರ ಭೂಕಂಪದಲ್ಲಿ ನೆಲಸಮವಾದ ಭುಜ್ ಪಟ್ಟಣದ ಇಕ್ಕಟ್ಟಾದ ಹಳೆಯ ಭಾಗವನ್ನು ಹೀಗೆಯೇ ಹೊಸದಾಗಿ ಬಿಡಿಸಿದರು.

ಆದರೆ ಕೆಲವು ಎಚ್ಚರಿಕೆಗಳಿವೆ. ಬೆಲೆ ಏರಿತು ಎಂಬುದು ಮಾರುವವನಿಗೆ ಮಾತ್ರ ಹಣ. ಉಳುಮೆ ಮಾಡಿಕೊಂಡೇ ಇರಲು ಬಯಸುವವನಿಗೆ ಅದು ಕಾಗದದ ಅಂಕಿ, ಜಮೀನು ಮಾತ್ರ ನಿಜವಾಗಿ ಕಡಿಮೆಯಾಗಿರುತ್ತದೆ. ಹಕ್ಕುಪತ್ರ ಇಲ್ಲದ ಗೇಣಿದಾರರು ಮತ್ತು ಕೂಲಿಯವರು ಈ ಲೆಕ್ಕದಲ್ಲಿ ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ತೀರಾ ಚಿಕ್ಕ ಜಮೀನಿನಲ್ಲಿ ಅದೇ ಪ್ರಮಾಣವನ್ನು ಕಳೆದರೆ ಮನೆ ಕಟ್ಟುವಷ್ಟೂ ಉಳಿಯದಿರಬಹುದು. ಅಂಥವರಿಂದ ಕಡಿಮೆ ಕಳೆದು, ವ್ಯತ್ಯಾಸವನ್ನು ನಗರ ಭರಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಜಾಗ ಬಿಡಿಸಿಕೊಂಡ ಮೇಲೆ ರಸ್ತೆಯನ್ನು ನಿಜವಾಗಿ ಮಾಡಬೇಕು. ಮೊದಲ ಯೋಜನೆಯಲ್ಲಿ ಐದು ವರ್ಷ ಡಾಂಬರು ಬೀಳದಿದ್ದರೆ ಎರಡನೆಯದಕ್ಕೆ ಒಬ್ಬನೂ ಸಹಿ ಹಾಕುವುದಿಲ್ಲ. ಆದ್ದರಿಂದ ಇಡೀ ಅಂಚನ್ನು ಒಮ್ಮೆಗೇ ಹಿಡಿಯದೆ, ಒಪ್ಪುವ ಮಾಲೀಕರು ಹೆಚ್ಚಿರುವ ಒಂದು ಚಿಕ್ಕ ಭಾಗದಿಂದ ಪ್ರಾರಂಭಿಸುವುದು ಲೇಸು.

ಪ್ರಶ್ನೆ: ಇಪ್ಪತ್ತೈದು ವರ್ಷದ ನಂತರದ ಜನಸಂಖ್ಯೆಯನ್ನು ಸಲಹೆಗಾರರು ಬಿಡಿ ಅಂಕಿಯವರೆಗೂ ಬರೆದು ಕೊಟ್ಟಿದ್ದಾರೆ. ಇದನ್ನು ನಂಬಬಹುದೇ?

ಉತ್ತರ: ಬಿಡಿ ಅಂಕಿಯವರೆಗೂ ಬರೆದಿರುವುದೇ ಅನುಮಾನಕ್ಕೆ ಸಾಕಾದ ಕಾರಣ. ವರ್ಷಕ್ಕೆ ಶೇಕಡಾ 2ರಷ್ಟು ಬೆಳೆಯುವ ಊರು ಸುಮಾರು 35 ವರ್ಷಕ್ಕೆ ಇಮ್ಮಡಿಯಾದರೆ, ಶೇಕಡಾ 5ರಷ್ಟು ಬೆಳೆಯುವುದು 14 ವರ್ಷಕ್ಕೇ ಇಮ್ಮಡಿಯಾಗುತ್ತದೆ. ಅಂದಾಜಿನಲ್ಲಿ ಒಂದೆರಡು ಅಂಶ ಆಚೀಚೆಯಾದರೂ ಕೊನೆಯ ಮೊತ್ತ ಗುರುತು ಸಿಗದಷ್ಟು ಬದಲಾಗುತ್ತದೆ. ಚಂಡೀಗಢವನ್ನು ಮೊದಲ ಹಂತದಲ್ಲಿ ಒಂದೂವರೆ ಲಕ್ಷ, ಕೊನೆಗೆ ಐದು ಲಕ್ಷ ಜನಕ್ಕೆಂದು ಯೋಜಿಸಲಾಗಿತ್ತು; 2011ರ ಗಣತಿಯಲ್ಲಿ ಆ ಕೇಂದ್ರಾಡಳಿತ ಪ್ರದೇಶದ ಜನಸಂಖ್ಯೆ ಹತ್ತೂವರೆ ಲಕ್ಷವಾಗಿತ್ತು. ಇದಕ್ಕೆ ವಿರುದ್ಧವಾಗಿ ಅಮೆರಿಕದ ಡೆಟ್ರಾಯಿಟ್ 1950ರಲ್ಲಿ ಹದಿನೆಂಟೂವರೆ ಲಕ್ಷ ಇದ್ದದ್ದು 2020ರಲ್ಲಿ ಆರೂ ಮುಕ್ಕಾಲು ಲಕ್ಷವನ್ನೂ ಮುಟ್ಟಲಿಲ್ಲ. ಜನ ಹೋದರೂ ಅವರಿಗಾಗಿ ಹಾಕಿದ ಕೊಳವೆ, ದೀಪದ ಕಂಬಗಳ ನಿರ್ವಹಣೆ ಮಾತ್ರ ಉಳಿದವರ ತಲೆಗೇ ಬಂತು.

ಸಲಹೆಗಾರರಿಂದ ಕಡಿಮೆ, ನಡು, ಹೆಚ್ಚು ಎಂಬ ಮೂರು ಅಂದಾಜುಗಳನ್ನೂ, ಪ್ರತಿಯೊಂದರ ಹಿಂದಿನ ಊಹೆಗಳನ್ನೂ ಬರೆಯಿಸಿಕೊಳ್ಳಿ. ಜಾಗ ಕಾಯ್ದಿಡುವಾಗ ಹೆಚ್ಚಿನ ಅಂದಾಜನ್ನು ಹಿಡಿದು ಧಾರಾಳವಾಗಿರಿ, ಹಣ ಹೂಡುವಾಗ ಕಡಿಮೆಯದನ್ನು ಹಿಡಿದು ಜಿಪುಣರಾಗಿರಿ. ಕೊಳಚೆನೀರು ಶುದ್ಧೀಕರಣ ಘಟಕಕ್ಕೆ ನಾಲ್ಕು ತೊಟ್ಟಿಗಳ ಜಾಗ ಬಿಟ್ಟು ಒಂದನ್ನೇ ಕಟ್ಟಿ, ಅದು ಮುಕ್ಕಾಲು ತುಂಬಿದ ದಿನ ಎರಡನೆಯದರ ಟೆಂಡರ್ ಕರೆಯುವಂತೆ ಈಗಲೇ ನಿರ್ಣಯ ಬರೆದಿಡಬಹುದು.

ಪ್ರಶ್ನೆ: ಮನೆಗಳಿರುವ ಕಡೆ ಅಂಗಡಿ, ಕಾರ್ಖಾನೆ ಯಾವುದೂ ಬರದಂತೆ ವಲಯಗಳನ್ನು ಕಟ್ಟುನಿಟ್ಟಾಗಿ ಬೇರ್ಪಡಿಸಬೇಕಲ್ಲವೇ?

ಉತ್ತರ: ಕಾರ್ಖಾನೆ ಬೇರೆ, ಅಂಗಡಿ ಬೇರೆ. ಹೊಗೆ, ರಾಸಾಯನಿಕ, ರಾತ್ರಿಯ ಸದ್ದು ಇರುವುದನ್ನು ದೂರವಿಡಲೇಬೇಕು. ಅಮೆರಿಕದ ಸುಪ್ರೀಂ ಕೋರ್ಟ್ 1926ರಲ್ಲಿ ಯೂಕ್ಲಿಡ್ ಎಂಬ ಊರಿನ ಪ್ರಕರಣದಲ್ಲಿ ವಲಯ ನಿಯಮಗಳನ್ನು ಎತ್ತಿಹಿಡಿದ ಮೇಲೆ ಆ ದೇಶದ ಊರೂರಲ್ಲಿ ಮನೆ ಒಂದು ಕಡೆ, ಅಂಗಡಿ ಇನ್ನೊಂದು ಕಡೆ ಎಂಬ ಪದ್ಧತಿ ಹಬ್ಬಿ, ಒಂದು ಬ್ರೆಡ್ ತರಲೂ ಕಾರು ತೆಗೆಯಬೇಕಾದ ಬಡಾವಣೆಗಳು ಬೆಳೆದವು. ಹ್ಯೂಸ್ಟನ್ ನಗರ ಅಂಥ ವಲಯ ಕಾಯಿದೆಯನ್ನೇ ಮಾಡಲಿಲ್ಲ. ಆದರೂ ಅಲ್ಲಿ ಕ್ರಯಪತ್ರಗಳಲ್ಲಿ ಬರೆದ ಷರತ್ತುಗಳು ಅದೇ ಕೆಲಸವನ್ನು ಹಲವೆಡೆ ಖಾಸಗಿಯಾಗಿ ಮಾಡುತ್ತವೆ. ಯಾವುದು ಎಲ್ಲಿ ಬೇಡ ಎಂಬ ಪಟ್ಟಿ ಚಿಕ್ಕದಾಗಿದ್ದಷ್ಟೂ ಒಳ್ಳೆಯದು. ಬೀದಿಮೂಲೆಯ ಅಂಗಡಿ, ಹೊಲಿಗೆಯವರು, ವೈದ್ಯರ ಕೋಣೆ ಇವು ಆ ಪಟ್ಟಿಗೆ ಸೇರುವಂಥವಲ್ಲ.

ಪ್ರಶ್ನೆ: ನಮ್ಮ ನಗರದ ಮಧ್ಯೆ ಮಳೆಗಾಲದಲ್ಲಿ ಮಾತ್ರ ಹರಿಯುವ ಒಂದು ಹಳ್ಳ, ಅದರ ಬದಿಗೆ ತಗ್ಗು ಜಾಗ ಇದೆ. ವರ್ಷದ ಎಂಟು ತಿಂಗಳು ಒಣಗಿರುವ ಅದನ್ನು ಕಾಂಕ್ರೀಟ್ ಕಾಲುವೆ ಮಾಡಿ, ಉಳಿದ ಜಾಗವನ್ನು ನಿವೇಶನಗಳಾಗಿ ಮಾರಿದರೆ ನಗರಕ್ಕೆ ಆದಾಯವಲ್ಲವೇ?

ಉತ್ತರ: ದಯವಿಟ್ಟು ಬೇಡ. ಒಂದು ಹೆಕ್ಟೇರಿನ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಅದು ಐದು ಲಕ್ಷ ಲೀಟರ್ ನೀರು. ಹುಲ್ಲು, ಸಡಿಲ ಮಣ್ಣು ಇರುವಲ್ಲಿ ಅದರ ಬಹುಪಾಲು ಇಂಗುತ್ತದೆ ಇಲ್ಲವೇ ನಿಧಾನವಾಗಿ ಸಾಗುತ್ತದೆ. ಅದೇ ನೆಲ ಚಾವಣಿ ಮತ್ತು ಡಾಂಬರು ಆದಾಗ ಹತ್ತರಲ್ಲಿ ಒಂಬತ್ತು ಪಾಲು ಕೆಲವೇ ನಿಮಿಷಗಳಲ್ಲಿ ಚರಂಡಿಗೆ ನುಗ್ಗುತ್ತದೆ. ಅಂದರೆ ಇಂದು ಆ ಹಳ್ಳದಲ್ಲಿ ನೀವು ನೋಡುತ್ತಿರುವ ನೀರು ಊರು ಬೆಳೆಯುವ ಮೊದಲಿನದು. ಮೇಲ್ಭಾಗದಲ್ಲೆಲ್ಲ ಮನೆಗಳಾದ ಮೇಲೆ ಬರುವ ನೀರಿಗೆ ನೀವು ಮಾರಬೇಕೆಂದಿರುವ ಆ ತಗ್ಗೇ ಹಾಸಿಗೆ.

ಬ್ರೆಜಿಲ್ ದೇಶದ ಕುರಿಟೀಬಾ ನಗರ 1970ರ ದಶಕದಿಂದ ತನ್ನ ನದಿಗಳ ತಗ್ಗುಗಳನ್ನು ಕಾಂಕ್ರೀಟಿಗೆ ಕೊಡದೆ ಉದ್ಯಾನಗಳನ್ನಾಗಿ ಮಾಡುತ್ತ ಬಂದಿತು. ಮಳೆಗಾಲದಲ್ಲಿ ಅಲ್ಲಿ ನೀರು ನಿಲ್ಲುತ್ತದೆ, ಉಳಿದಂತೆ ಜನ ಓಡಾಡುತ್ತಾರೆ. ಹುಲ್ಲು ಕತ್ತರಿಸುವ ಕೆಲಸವನ್ನು ಕುರಿಗಳಿಗೆ ವಹಿಸಿದ್ದ ನಗರವೆಂದೂ ಅದಕ್ಕೆ ಹೆಸರಿದೆ. ಡೆನ್ಮಾರ್ಕಿನ ಕೋಪನ್‌ಹೇಗನ್ ಇದನ್ನು ತಡವಾಗಿ ಕಲಿಯಿತು. 2011ರ ಜುಲೈ 2ರಂದು ಕೆಲವೇ ಗಂಟೆಗಳಲ್ಲಿ ಸುಮಾರು 150 ಮಿಲಿಮೀಟರ್ ಮಳೆ ಸುರಿದು ನೆಲಮಾಳಿಗೆಗಳೆಲ್ಲ ತುಂಬಿದ ಮರುವರ್ಷ, ಬೀದಿ ಮತ್ತು ಉದ್ಯಾನಗಳನ್ನೇ ನೀರು ಹಿಡಿಯುವ ಪಾತ್ರೆಗಳಾಗಿ ಮಾಡುವ ಯೋಜನೆಯನ್ನು ಅದು ರೂಪಿಸಿತು. ಕಟ್ಟಿ ಮುಗಿದ ನಗರದಲ್ಲಿ ಅದು ದಶಕಗಳ ಕೆಲಸ. ನೀವು ಮಾಡಬೇಕಾದದ್ದು ಮಾರದೆ ಇರುವುದು, ಅಷ್ಟೆ.

ಪ್ರಶ್ನೆ: ಖಾಸಗಿ ಬಡಾವಣೆಯವರು ರಸ್ತೆ, ಉದ್ಯಾನ, ನೀರಿನ ಕೊಳವೆ ಎಲ್ಲವನ್ನೂ ತಮ್ಮ ಖರ್ಚಿನಲ್ಲೇ ಮಾಡಿ ನಗರಕ್ಕೆ ಉಚಿತವಾಗಿ ಒಪ್ಪಿಸುತ್ತೇವೆ ಎನ್ನುತ್ತಿದ್ದಾರೆ. ಒಪ್ಪಿಕೊಳ್ಳಲು ಹಿಂಜರಿಕೆ ಏಕೆ?

ಉತ್ತರ: ಉಚಿತವಾಗಿ ಬಂದ ಆನೆಗೂ ಮೇವು ಹಾಕಬೇಕು. ರಸ್ತೆಯನ್ನು ನಗರ ಒಮ್ಮೆ ಒಪ್ಪಿಕೊಂಡಿತೆಂದರೆ ಮತ್ತೆ ಡಾಂಬರು ಹಾಕುವುದು, ಕೊಳವೆ ಒಡೆದಾಗ ಅಗೆಯುವುದು, ದೀಪದ ವಿದ್ಯುತ್ ಬಿಲ್ಲು ಎಲ್ಲವೂ ನಗರದ್ದು. ಆದ್ದರಿಂದ ಕೇಳಬೇಕಾದ ಪ್ರಶ್ನೆ, ಪ್ರತಿ ಮನೆಗೆ ಎಷ್ಟು ಉದ್ದದ ಕೊಳವೆ ಮತ್ತು ರಸ್ತೆ ಬೀಳುತ್ತದೆ ಎಂಬುದು. ಒಂದು ಕಿಲೋಮೀಟರ್ ಬೀದಿಯ ಎರಡೂ ಬದಿ ಹತ್ತು ಮೀಟರ್ ಮುಖದ ನಿವೇಶನಗಳಿದ್ದರೆ 200 ಮನೆ, ಮನೆಯೊಂದಕ್ಕೆ ಐದು ಮೀಟರ್ ಕೊಳವೆ. ಅದೇ ಬೀದಿಯಲ್ಲಿ 25 ಮೀಟರ್ ಮುಖದ ನಿವೇಶನಗಳಿದ್ದರೆ 80 ಮನೆ, ಒಂದಕ್ಕೆ ಹನ್ನೆರಡೂವರೆ ಮೀಟರ್. ಎರಡನೆಯವರಿಂದ ಎರಡೂವರೆ ಪಟ್ಟು ಆಸ್ತಿ ತೆರಿಗೆ ಬರುವಂತಿದ್ದರೆ ಸರಿ. ಇಲ್ಲದಿದ್ದರೆ ಇಕ್ಕಟ್ಟಾದ ಬೀದಿಯ ಬಡವರು ವಿಶಾಲ ಬೀದಿಯ ಸಿರಿವಂತರ ಕೊಳವೆಗೆ ಹಣ ತೆತ್ತಂತೆ ಆಗುತ್ತದೆ. ಮೊದಲ ಹದಿನೈದು ವರ್ಷ ಎಲ್ಲವೂ ಹೊಸದಾಗಿರುವುದರಿಂದ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ದೃಷ್ಟಿಯಲ್ಲಿ ಹೊಸ ನಗರಗಳ ಹಣಕಾಸು ಕುಸಿಯುವುದು ಭ್ರಷ್ಟಾಚಾರಕ್ಕಿಂತ ಹೆಚ್ಚಾಗಿ ಈ ಮೌನದ ಹದಿನೈದು ವರ್ಷಗಳಿಂದ.

ನಿರ್ವಹಣೆಯ ಹಣವನ್ನು ಆಸ್ತಿಯ ಜೊತೆಯಲ್ಲೇ ಕೇಳಿ ಪಡೆಯುವ ಮಾದರಿಯೂ ಇದೆ. ಇಂಗ್ಲೆಂಡಿನಲ್ಲಿ 1967ರಲ್ಲಿ ಹೊಸ ನಗರವೆಂದು ಗೊತ್ತುಪಡಿಸಿದ ಮಿಲ್ಟನ್ ಕೀನ್ಸ್‌ನ ಉದ್ಯಾನಗಳನ್ನು 1992ರಲ್ಲಿ ಒಂದು ಪ್ರತ್ಯೇಕ ಟ್ರಸ್ಟಿಗೆ ವಹಿಸುವಾಗ, ಬಾಡಿಗೆ ಬರುವ ವಾಣಿಜ್ಯ ಕಟ್ಟಡಗಳನ್ನೂ ಸೇರಿಸಿ ಕೊಟ್ಟರು. ಆ ಬಾಡಿಗೆಯಿಂದ ಮರಗಳ ಆರೈಕೆ ನಡೆಯುತ್ತದೆ. ಆಯವ್ಯಯ ಬಿಗಿಯಾದ ವರ್ಷ ಉದ್ಯಾನದ ಮಾಲಿಯನ್ನು ಮೊದಲು ಮನೆಗೆ ಕಳುಹಿಸುವ ಪರಿಪಾಠಕ್ಕೆ ಅಲ್ಲಿ ಆಸ್ಪದವಿಲ್ಲ.

ಪ್ರಶ್ನೆ: ಸಿಬ್ಬಂದಿಯನ್ನೇ ನೇಮಿಸಿಕೊಳ್ಳದೆ ಎಲ್ಲ ಸೇವೆಗಳನ್ನೂ ಗುತ್ತಿಗೆಗೆ ಕೊಟ್ಟು ನಗರ ನಡೆಸಬಹುದಂತೆ. ನಿಜವೇ?

ಉತ್ತರ: ನಡೆಸಿದವರು ಇದ್ದಾರೆ. ಕ್ಯಾಲಿಫೋರ್ನಿಯಾದ ಲೇಕ್‌ವುಡ್ 1954ರಲ್ಲಿ ನಗರವಾದಾಗ ಪೊಲೀಸ್ ಸಹಿತ ಹೆಚ್ಚಿನ ಸೇವೆಗಳನ್ನು ಕೌಂಟಿ (ನಮ್ಮ ಜಿಲ್ಲೆಯಂಥ ಘಟಕ) ಆಡಳಿತದಿಂದ ಗುತ್ತಿಗೆಗೆ ಪಡೆಯಿತು. ನಂತರ ಹುಟ್ಟಿದ ಅನೇಕ ನಗರಗಳು ಆ ದಾರಿ ಹಿಡಿದವು. ಅಮೆರಿಕದ ಜಾರ್ಜಿಯಾ ರಾಜ್ಯದ ಸ್ಯಾಂಡಿ ಸ್ಪ್ರಿಂಗ್ಸ್ 2005ರ ಡಿಸೆಂಬರಿನಲ್ಲಿ ಪೊಲೀಸ್ ಮತ್ತು ಅಗ್ನಿಶಾಮಕ ಬಿಟ್ಟು ಬಹುತೇಕ ಎಲ್ಲವನ್ನೂ ಖಾಸಗಿ ಸಂಸ್ಥೆಗೆ ಒಪ್ಪಿಸಿ ಆರಂಭವಾಯಿತು, ಆದರೆ 2019ರಲ್ಲಿ ಖರ್ಚಿನ ಕಾರಣಕ್ಕೆ ಹೆಚ್ಚಿನ ಕೆಲಸಗಳನ್ನು ತನ್ನ ಸಿಬ್ಬಂದಿಗೇ ವಾಪಸು ತಂದುಕೊಂಡಿತು. ಕಸ ಎತ್ತುವುದು, ದೀಪ ನೋಡಿಕೊಳ್ಳುವುದನ್ನು ಗುತ್ತಿಗೆಗೆ ಕೊಡಬಹುದು. ನಕ್ಷೆ ಓದುವ, ಕಟ್ಟಡದ ಪರವಾನಗಿ ಪರಿಶೀಲಿಸುವ, ಗುತ್ತಿಗೆದಾರರ ಬಿಲ್ಲು ಅಳೆಯುವ ಕೆಲವರಾದರೂ ನಗರದ ಸ್ವಂತ ಸಂಬಳದವರಾಗಿರಬೇಕು.

ಪ್ರಶ್ನೆ: ಯೋಜನೆಯಲ್ಲಿ ಕಡಿಮೆ ಆದಾಯದವರ ವಸತಿಗೆ ಪ್ರತ್ಯೇಕ ಜಾಗ ಈಗಲೇ ಗುರುತಿಸಬೇಕೇ? ಸದ್ಯ ಅಂಥವರು ನಮ್ಮಲ್ಲಿ ಹೆಚ್ಚಿಲ್ಲ.

ಉತ್ತರ: ನಗರ ಕಟ್ಟಲು ಶುರುವಾದ ದಿನವೇ ಅವರು ಬರುತ್ತಾರೆ. ಬ್ರೆಜಿಲ್ ದೇಶದ ಹೊಸ ರಾಜಧಾನಿಯಾಗಿ ಕಟ್ಟಿದ ಬ್ರೆಸೀಲಿಯಾ 1960ರಲ್ಲಿ ಉದ್ಘಾಟನೆಯಾಯಿತು. ಅದನ್ನು ಕಟ್ಟಿದ ಕೂಲಿಯವರಿಗೆ ಅದರ ಸುಂದರ ನಕ್ಷೆಯಲ್ಲಿ ಜಾಗವಿಲ್ಲದ್ದರಿಂದ ತಾಗುವಾಟಿಂಗಾ ಎಂಬ ಉಪನಗರವನ್ನು ಅದಕ್ಕೂ ಮೊದಲೇ, 1958ರಲ್ಲಿ, ದೂರದಲ್ಲಿ ಹುಟ್ಟುಹಾಕಬೇಕಾಯಿತು. ಜಾಗವನ್ನು ಗುರುತಿಸಿ, ಆದರೆ ಒಂದೇ ಕಡೆ ಗುಡ್ಡೆ ಹಾಕಬೇಡಿ. ಪ್ರತಿ ಬಡಾವಣೆಯಲ್ಲೂ ಚಿಕ್ಕ ನಿವೇಶನಗಳ ಒಂದು ಸಾಲು ಇರಲಿ.

ಪ್ರಶ್ನೆ: ಒಮ್ಮೆ ಅಂಗೀಕಾರವಾದ ಮಹಾಯೋಜನೆಯನ್ನು ತಿದ್ದುವುದು ತಪ್ಪೇ?

ಉತ್ತರ: ಐದು ಅಥವಾ ಹತ್ತು ವರ್ಷಕ್ಕೊಮ್ಮೆ ಇಡೀ ಯೋಜನೆಯನ್ನು ಎಲ್ಲರೆದುರು ಬಿಡಿಸಿ ತಿದ್ದುವುದು ಅಗತ್ಯ. ಅಪಾಯವಿರುವುದು ನಡುನಡುವೆ ಒಬ್ಬೊಬ್ಬರಿಗೆ ಕೊಡುವ ವಿನಾಯಿತಿಯಲ್ಲಿ. ಸ್ಪೇನಿನ ಬಾರ್ಸಿಲೋನಾದ ವಿಸ್ತರಣೆಗೆ ಎಂಜಿನಿಯರ್ ಇಲ್ದೆಫೋನ್ಸ್ ಸೆರ್ದಾ ಅವರು ರೂಪಿಸಿ 1859ರಲ್ಲಿ ಅಂಗೀಕಾರವಾದ ಯೋಜನೆಯಲ್ಲಿ, ಬೀದಿಗಳ ನಡುವೆ ಮನೆಗಳು ಸುತ್ತುವರಿದ ಪ್ರತಿ ಚೌಕದ ಒಳಭಾಗ ತೋಟವಾಗಿ ತೆರೆದಿರಬೇಕೆಂದಿತ್ತು. ಇಪ್ಪತ್ತು ಮೀಟರ್ ಅಗಲದ ಬೀದಿಗಳೂ, ಕತ್ತರಿಸಿದ ಮೂಲೆಗಳೂ ಹಾಗೆಯೇ ಉಳಿದವು. ಒಳಗಿನ ತೋಟಗಳು ಮಾತ್ರ ಒಂದೊಂದು ರಿಯಾಯಿತಿಗೆ ಒಂದೊಂದು ಗೋದಾಮು, ಕಾರ್ಯಾಗಾರಗಳಾಗಿ ತುಂಬಿಹೋದವು, ಅವುಗಳಲ್ಲಿ ಕೆಲವನ್ನು ಮತ್ತೆ ತೆರೆಯಿಸಲು ನಗರ ನೂರಕ್ಕೂ ಹೆಚ್ಚು ವರ್ಷಗಳ ನಂತರ ಹಣ ಸುರಿಯಬೇಕಾಯಿತು. ನಿಮ್ಮಲ್ಲಿ ವಿನಾಯಿತಿ ಕೊಡಲೇಬೇಕಾಗಿ ಬಂದರೆ, ಯೋಜನೆಯ ದೊಡ್ಡ ನಕ್ಷೆಯೊಂದನ್ನು ಕಚೇರಿಯ ಬಾಗಿಲಲ್ಲೇ ತೂಗುಹಾಕಿ, ಕೊಟ್ಟ ಪ್ರತಿಯೊಂದು ವಿನಾಯಿತಿಯನ್ನೂ ದಿನಾಂಕ ಮತ್ತು ಕಾರಣ ಸಹಿತ ಅದರ ಮೇಲೆ ಕೆಂಪು ಶಾಯಿಯಲ್ಲಿ ಗುರುತಿಸುವಂತೆ ನಿಯಮ ಮಾಡಿಸಿರಿ.